ಅಬ್ಬಾನ ವಾಲ್ವ್ ಸೆಟ್ಟು

ಹಾಸನದಲ್ಲಿ ನಮ್ಮ ಅಬ್ಬಾಗೆ ರೇಡಿಯೋ ರಿಪೇರಿ ಅಂಗಡಿ ಇತ್ತು. ಮುಂದೆ ಒಂದು ಮೇಜು, ಹಿಂದೆ ಬಾಡಿಗೆಗೆ ಕೊಡುವ ನಾಲ್ಕು ಮೈಕ್ ಸೆಟ್ಟು, ಅಷ್ಟೇ ಅಂಗಡಿ. ಹೊಳೆನರಸೀಪುರದ ನರಸಿಂಹಸ್ವಾಮಿ ಜಾತ್ರೆ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕ, ಚನ್ನರಾಯಪಟ್ಟಣದ ಮದುವೆ, ಈದ್ಗಾದಲ್ಲಿ ಹಬ್ಬದ ನಮಾಜು, ಚುನಾವಣೆಯ ಭಾಷಣ, ಎಲ್ಲಕ್ಕೂ ಅವೇ ಸೆಟ್ಟುಗಳು ಹೋಗುತ್ತಿದ್ದವು. ಹಾರ್ನುಗಳು ಬಸ್ಸಿನ ಟಾಪಿನ ಮೇಲೆ, ಆಂಪ್ಲಿಫೈಯರ್ ಮಾತ್ರ ಅಬ್ಬಾನ ತೊಡೆಯ ಮೇಲೆ. ಅದರೊಳಗೆ ಗಾಜಿನ ವಾಲ್ವುಗಳಿದ್ದವಲ್ಲ!

2001ರಲ್ಲಿ ಅಂಗಡಿ ಮುಚ್ಚಿದೆವು. ಬಾಡಿಗೆ ಕಟ್ಟುವಷ್ಟೂ ಸಂಪಾದನೆ ಇರಲಿಲ್ಲ. ಮನೆಯಲ್ಲಿ ಜಾಗವಿಲ್ಲ, ಗುಜರಿಗೆ ಹಾಕೋಣ ಎಂದು ಹಟ ಹಿಡಿದವಳು ನಾನೇ. ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೆ ಒಂದು ದರ, ಕಬ್ಬಿಣಕ್ಕೆ ಒಂದು ದರ. ಮೂರು ಸೆಟ್ಟು ತೂಕದ ಲೆಕ್ಕದಲ್ಲಿ ಹೋದವು. ನಾಲ್ಕನೆಯದನ್ನು ಅಬ್ಬಾ ಮಂಚದ ಕೆಳಗೆ ತಳ್ಳಿದರು. ನಾನು ನೋಡಿಯೂ ನೋಡದಂತಿದ್ದೆ.

ಅದನ್ನು ಹೊರಗೆಳೆದವನು ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ, ಗೆಳೆಯರೊಂದಿಗೆ ಗಿಟಾರ್ ನುಡಿಸುವ ಹುಚ್ಚು. ಸಾಲ ಮಾಡಿ ಹೊಸ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಕೊಂಡಿದ್ದ. ಅದರ ಹಿಂಬದಿಯ ಜಾಲರಿಯೊಳಗೆ ಹೊಳೆಯುತ್ತಿದ್ದ ವಾಲ್ವನ್ನು ಕಂಡು ಅಬ್ಬಾ, "ಇದು ಇಎಲ್34. ನನ್ನ ಸೆಟ್ಟಿನಲ್ಲೂ ಇದೇ ಜೋಡಿ" ಎಂದರು. ಹುಡುಗ ಬೆರಗಾದ. "ನಾನಾ, ಇದು ಗಿಟಾರಿನವರ ವಾಲ್ವು ಅಂದುಕೊಂಡಿದ್ದೆ!"

ವಾಲ್ವಿಗೆ ಅಂಥ ಜಾತಿಯೇನಿಲ್ಲ. 1904ರಲ್ಲಿ ಫ್ಲೆಮಿಂಗ್ ಮಾಡಿದ ಮೊದಲ ವಾಲ್ವು ರೇಡಿಯೋ ಸಂಕೇತ ಹಿಡಿಯಲಿಕ್ಕೆ. ಗಾಜಿನ ಬುರುಡೆಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಡುತ್ತವೆ, ನಡುವಿನ ಜಾಲರಿ ಅವನ್ನು ತಡೆದು ಬಿಟ್ಟು ಮಾಡುತ್ತದೆ, ಸಣ್ಣ ದನಿ ದೊಡ್ಡದಾಗುತ್ತದೆ. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತು. ಎಷ್ಟೋ ಮನೆಗಳ ರೇಡಿಯೋದಲ್ಲಿ ಹಾಡಿದ ಇಎಲ್84 ಎಂಬ ಪುಟ್ಟ ವಾಲ್ವೇ, ಬೀಟಲ್ಸ್ ಹುಡುಗರು ಬಳಸಿದ ವಾಕ್ಸ್ ಎಸಿ30ರಲ್ಲಿ ನಾಲ್ಕು ನಾಲ್ಕು ಕೂತಿತ್ತು. ಗಿಟಾರ್ ಲೋಕದ ದೊಡ್ಡ ಹೆಸರು ಲಿಯೋ ಫೆಂಡರ್ ಕೂಡ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರೇ. ಇದನ್ನು ಕೇಳಿ ಅಬ್ಬಾಗೆ ಬಹಳ ಖುಷಿಯಾಯಿತು.

ಹಳೆಯದು, ಹೊಸದು ಎರಡನ್ನೂ ಹೋಲಿಸಬೇಕೆಂದು ಮೊಮ್ಮಗ ಹೊರಟ. ಆದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಲಗಿದ್ದ ಸೆಟ್ಟಿಗೆ ನೇರ ಕರೆಂಟು ಕೊಡಲು ಅಬ್ಬಾ ಬಿಡಲಿಲ್ಲ. ಒಣಗಿದ ಕಂಡೆನ್ಸರುಗಳನ್ನು ಬದಲಾಯಿಸಿಸಿದರು, ಎರಡು ಪಿನ್ನಿನ ವೈರು ಕಿತ್ತು ಅರ್ಥ್ ಇರುವ ಮೂರು ಪಿನ್ನಿನದು ಹಾಕಿಸಿದರು. ಒಳಗೆ ನಾನೂರು ವೋಲ್ಟು ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ, ಅದನ್ನು ಇಳಿಸದೆ ಕೈ ಹಾಕಿದರೆ ಜೀವ ಹೋಗಬಹುದು. ಸ್ಪೀಕರ್ ಸಿಕ್ಕಿಸದೆ ಸೆಟ್ಟು ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಈ ಎರಡು ಮಾತನ್ನು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಆ ಭಾನುವಾರ ಅಬ್ಬಾ ಬೆನ್ನು ತಿರುಗಿಸಿ ಕೂತರು. ಹುಡುಗ ಒಂದೇ ಸ್ಪೀಕರಿಗೆ ಎರಡು ಸೆಟ್ಟುಗಳನ್ನು ಒಂದಾದ ಮೇಲೊಂದು ಸಿಕ್ಕಿಸಿ ಗಿಟಾರ್ ನುಡಿಸಿದ. ಮೆಲು ದನಿಯಲ್ಲಿ ಅಬ್ಬಾ ಹೊಸದನ್ನೇ ತಮ್ಮದೆಂದರು! ನನಗೂ ತಿಳಿಯಲಿಲ್ಲ. ಗುಂಡಿ ತಿರುಗಿಸಿ ದನಿ ಏರಿಸಿದಾಗ ಮಾತ್ರ ದಾರಿಗಳು ಬೇರೆಯಾದವು. ಟ್ರಾನ್ಸಿಸ್ಟರ್ ಸೆಟ್ಟು ತನ್ನ ಶಕ್ತಿ ಮೀರಿದಾಗ ದನಿಯನ್ನು ಕತ್ತರಿಸಿದ ಹಾಗೆ ಒಡೆಯುತ್ತದೆ. ವಾಲ್ವು ನಿಧಾನಕ್ಕೆ ಸೋಲುತ್ತದೆ, ಆ ಸೋಲೇ ಕಿವಿಗೆ ಇಂಪು. ಅಬ್ಬಾನ ಸೆಟ್ಟು ಭಾಷಣಕ್ಕೆಂದು ಮಾಡಿದ್ದು, ಮಾತು ಸ್ಪಷ್ಟವಾಗಿ ಕೇಳಬೇಕು. ಅದು ಕಡೆಯವರೆಗೂ ಶುದ್ಧವಾಗಿದ್ದು ಆಮೇಲೆ ತುಸು ಒರಟಾಯಿತು. ಹೊಸದು ಒಡೆದ ದನಿಯನ್ನೇ ಬೇಕೆಂದು ಮಾಡಿದ್ದು, ಒಂದು ಸ್ವರವನ್ನು ಬಹಳ ಹೊತ್ತು ಎಳೆದು ನಿಲ್ಲಿಸಿತು. ಯಾವುದು ಮೇಲು? ಹಾಡಿನ ಜೊತೆಗೆ ನುಡಿಸಲು ಹಳೆಯದು, ಒಂಟಿಯಾಗಿ ನುಡಿಸಲು ಹೊಸದು ಎಂದ ಹುಡುಗ. ಹಳೆಯದೆಲ್ಲ ಚಿನ್ನ ಎನ್ನುವವರ ಮಾತು ಅಷ್ಟು ನಿಜವಲ್ಲ ಎಂದು ನನಗೂ ಅನಿಸಿತು.

ಬಾಳಿಕೆಯ ಪ್ರಶ್ನೆ ಎದ್ದದ್ದು ಆಮೇಲೆ. ಹೊಳೆನರಸೀಪುರದಲ್ಲಿ ಅವನ ಗೆಳೆಯನ ಮದುವೆ, ರಾತ್ರಿ ರಸಮಂಜರಿ. ನಾಲ್ಕು ದಿನ ಇರುವಾಗ ಹೊಸ ಸೆಟ್ಟಿನ ಒಂದು ವಾಲ್ವು ಕೆಂಡದಂತೆ ಕೆಂಪಾಗಿ ಫ್ಯೂಸ್ ಹೋಯಿತು. ಕಂಪನಿಯವರನ್ನು ಕೇಳಿದರೆ, ಇಡೀ ಬೋರ್ಡು ಬದಲಾಯಿಸಬೇಕು, ಹೊರದೇಶದಿಂದ ಬರಲು ವಾರಗಳೇ ಬೇಕು ಎಂಬ ಉತ್ತರ.

ಅಬ್ಬಾಗೆ ಈಗ ಎಂಬತ್ತೆರಡು. ಕೈ ನಡುಗುತ್ತದೆ, ಬೆಸುಗೆ ಹಾಕಲಾಗದು. ಆದರೂ ಸೆಟ್ಟು ಬಿಚ್ಚಿಸಿದರು. ಅವರ ಹಳೆಯ ಸೆಟ್ಟಿನಲ್ಲಿ ವಾಲ್ವಿನ ಬೇಸು ಕಬ್ಬಿಣದ ತಗಡಿಗೆ ಬಿಗಿದಿತ್ತು, ವೈರುಗಳು ಕೈಯಿಂದ ಬೆಸೆದವು, ಒಂದೊಂದನ್ನೂ ಬೆರಳಿಟ್ಟು ಹಿಂಬಾಲಿಸಬಹುದು. ಇದರಲ್ಲಿ ಬೇಸು ಬೋರ್ಡಿನ ಮೇಲೆಯೇ ಕೂತಿತ್ತು. ಕಾದು ಆರಿ, ಕಾದು ಆರಿ, ಒಂದು ಪಿನ್ನಿನ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟಿತ್ತು. ವಾಲ್ವಿಗೆ ಕಡಿವಾಣ ಹಾಕುವ ವೋಲ್ಟೇಜು ಆ ಪಿನ್ನಿಗೆ ತಲುಪುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಅಬ್ಬಾ ಅದನ್ನು ತೋರಿಸಿದರು. ಮೊಮ್ಮಗ ಬೆಸುಗೆ ಕಾಯಿಸಿದ. ನಾನು ಟಾರ್ಚ್ ಹಿಡಿದೆ, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ.

ವಾಲ್ವು ಬೇಕಿತ್ತಲ್ಲ? ಇಂದು ವಾಲ್ವು ಮುಖ್ಯವಾಗಿ ತಯಾರಾಗುವುದು ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ. 2022ರ ಯುದ್ಧದ ಹೊತ್ತಿನಲ್ಲಿ ರಷ್ಯಾದ ಸರಕಿಗೆ ತಡೆಯಾಗಿ ಗಿಟಾರಿನವರೆಲ್ಲ ಪರದಾಡಿದ್ದರಂತೆ. ಅಬ್ಬಾ ಟ್ರಂಕಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆಸಿದರು. ಹತ್ತಿಯಲ್ಲಿ ಸುತ್ತಿದ ಇಎಲ್34ರ ಒಂದು ಜೋಡಿ ಅದರಲ್ಲಿತ್ತು. ಮೀಟರು ಹಿಡಿದು ಎರಡಕ್ಕೂ ಕರೆಂಟು ಸಮ ಮಾಡಿಸಿದರು. ಸೆಟ್ಟು ದನಿ ತೆಗೆಯಿತು.

ಆ ಡಬ್ಬಿ ನೋಡಿದ ಮೇಲೆ ನನಗೊಂದು ಹಳೆಯ ರಾತ್ರಿ ನೆನಪಾಯಿತು. ಅರಕಲಗೂಡಿನ ಹತ್ತಿರದ ಹಳ್ಳಿಯ ನಾಟಕ. ಭೀಮ ಗದೆ ಎತ್ತಿ ಬಾಯಿ ತೆರೆದಾಗ ಮೈಕು ಸತ್ತುಹೋಯಿತು. ಜನ ಕೂಗಾಡಿದರು. ಅಬ್ಬಾ ಇದೇ ಡಬ್ಬಿ ತೆರೆದು, ಬಟ್ಟೆಯಿಂದ ಸುಡುವ ವಾಲ್ವು ಕಿತ್ತು, ಬೇರೆಯದು ಸಿಕ್ಕಿಸಿದರು. ಭೀಮ ಎತ್ತಿದ ಗದೆ ಇಳಿಸುವ ಮೊದಲೇ ದನಿ ಬಂತು ಎಂದು ಊರವರು ಆಮೇಲೆ ಹೇಳಿಕೊಂಡರು. ಹಳೆಯ ಸೆಟ್ಟು ಕೆಡುತ್ತಲೇ ಇರಲಿಲ್ಲ ಎಂದು ನಾವೀಗ ಹೇಳುವುದು ಸುಳ್ಳು. ಅದು ಕೆಡುತ್ತಿತ್ತು. ಪಕ್ಕದಲ್ಲಿ ಡಬ್ಬಿ ಹಿಡಿದು ನಿದ್ದೆಗೆಟ್ಟು ಕೂತ ಒಬ್ಬ ಮನುಷ್ಯನಿದ್ದ. ಬಾಳಿಕೆ ಎಂದು ನಾವು ಹೊಗಳುವುದು ಅವನನ್ನು. ಅವನ ಸಂಪಾದನೆ ನಿಂತಾಗ ನಾವು ಯಾರೂ ಕೇಳಲಿಲ್ಲ. ನಾನಂತೂ ಅವನ ಸೆಟ್ಟುಗಳನ್ನು ತಕ್ಕಡಿಗೆ ಹಾಕಿಸಿದೆ.

ವಾಲ್ವಿನ ಕಾಲ ಮುಗಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಹಾಸನದಲ್ಲೇ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಸಂಪರ್ಕ ಉಪಗ್ರಹಗಳಲ್ಲಿ ಸಂಕೇತವನ್ನು ಬಲಪಡಿಸಲು ಇಂದಿಗೂ ಒಂದು ಬಗೆಯ ನಿರ್ವಾತ ಕೊಳವೆಯನ್ನು ಬಳಸುತ್ತಾರೆ, ಅದೂ ವಾಲ್ವಿನ ವಂಶದ್ದೇ. ಅಲ್ಲಿ ಆಕಾಶದಲ್ಲಿ ಬದಲಾಯಿಸುವವರಿಲ್ಲ, ಆದ್ದರಿಂದ ಅದನ್ನು ಹತ್ತಾರು ವರ್ಷ ಬಾಳುವಂತೆ ಮಾಡುತ್ತಾರೆ. ಭೂಮಿಯ ಮೇಲಿನ ಸೆಟ್ಟಿಗೆ ಒಬ್ಬ ಬಲ್ಲವನಿದ್ದರೆ ಸಾಕು.

ಮದುವೆ ಮುಗಿದ ಮೇಲೆ ಹುಡುಗ ಹಳೆಯ ಸೆಟ್ಟಿಗೆ ದುಡ್ಡು ಕೊಡಲು ಬಂದ. ಅಬ್ಬಾ ತೆಗೆದುಕೊಳ್ಳಲಿಲ್ಲ. "ಕೆಟ್ಟರೆ ಏನು ಮಾಡುತ್ತೀ?" ಎಂದು ಕೇಳಿದರು. ಅವನ ಬಳಿ ಉತ್ತರವಿರಲಿಲ್ಲ. ಈಗ ತಿಂಗಳಿಗೆ ಎರಡು ಭಾನುವಾರ ಬೆಂಗಳೂರಿನಿಂದ ಬರುತ್ತಾನೆ. ಕಂಡೆನ್ಸರ್ ಇಳಿಸಿದೆಯಾ ಎಂದು ಅಬ್ಬಾ ಕೇಳುತ್ತಾರೆ, ಇಳಿಸಿದೆ ನಾನಾ ಎನ್ನುತ್ತಾನೆ. ಇನ್ನೊಮ್ಮೆ ನೋಡು ಎನ್ನುತ್ತಾರೆ. ಸೆಟ್ಟು ಇನ್ನೂ ಮಂಚದ ಕೆಳಗೇ ಇದೆ.