ನಮ್ಮನೆ ಹಿತ್ತಲಿನ ಪ್ಲಾಸ್ಟಿಕ್ ಹುಲ್ಲು

ಕಳೆದ ಯುಗಾದಿ ಕೂಟದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಪಾದಕರು ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಮನೆ ಹುಲ್ಲು ನವೆಂಬರಿನಲ್ಲೂ ಹಸಿರಾಗಿರುತ್ತಂತೆ, ಅದನ್ನು ನೋಡಿಕೊಳ್ಳುವುದು ಹೇಗೆ ಅಂತ ಎರಡು ಪುಟ ಬರೆದುಕೊಡಿ" ಎಂದರು. ಕೈಯಲ್ಲಿ ತಟ್ಟೆ ಹಿಡಿದವನಿಗೆ ಇಲ್ಲವೆನ್ನುವ ಧೈರ್ಯ ಎಲ್ಲಿಂದ ಬರಬೇಕು? ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತರೆ ಹುಲ್ಲಿನ ಜೊತೆಗೆ ಅಪ್ಪನೂ ಬಂದು ಕುಳಿತುಕೊಳ್ಳುತ್ತಾರೆ. ಇಬ್ಬರ ವಿಷಯವನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ.

ಮೊದಲು ತಪ್ಪೊಪ್ಪಿಗೆ. ನಾನು ಈ ಹುಲ್ಲು ಹಾಕಿಸಿದ್ದು 2019ರಲ್ಲಿ, ಬೆನ್ನಿನ ಆಪರೇಷನ್ ಆದ ಮೇಲೆ. ಸ್ಯಾಂಡ್‌ವಿಕೆನ್ ಉಕ್ಕಿನ ಊರು ಎಂಬುದು ನಿಮಗೆಲ್ಲ ಗೊತ್ತೇ ಇದೆ. 1862ರಲ್ಲಿ ಯೋರಾನ್ ಫ್ರೆಡ್ರಿಕ್ ಯೋರಾನ್ಸನ್ ಕಾರ್ಖಾನೆ ಹೂಡಿದ ಮೇಲೆಯೇ ಈ ಊರು ಊರಾದದ್ದು. ಪಾಳಿ ಕೆಲಸ ಮುಗಿಸಿ ಬಂದು, ಬೆನ್ನಿಗೆ ಪಟ್ಟಿ ಬಿಗಿದುಕೊಂಡು, ಪಾಚಿಗಟ್ಟಿದ ನಲವತ್ತು ಚದರ ಮೀಟರ್ ಹುಲ್ಲು ಕತ್ತರಿಸುವುದು ನನ್ನಿಂದಾಗಲಿಲ್ಲ. ಸ್ವೀಡಿಷರು ಹುಲ್ಲುಹಾಸಿಗೆ 'ಗ್ರೆಸ್‌ಮತ್ತಾ' ಎನ್ನುತ್ತಾರೆ, ಅಂದರೆ ಹುಲ್ಲಿನ ಜಮಖಾನ. ಹೆಸರೇ ಜಮಖಾನವಾದ ಮೇಲೆ ಅಂಗಡಿಯಿಂದ ಸುರುಳಿ ಸುತ್ತಿ ತಂದರೆ ತಪ್ಪೇನು ಎಂದು ಸಮಾಧಾನ ಮಾಡಿಕೊಂಡೆ. ಮೇಲ್ಮಣ್ಣು ತೆಗೆದು, ಜಲ್ಲಿ ಹಾಕಿ, ಅದರ ಮೇಲೆ ಕಲ್ಲುಪುಡಿ ಹರಡಿ ದಮ್ಮಸ್ಸು ಮಾಡಿ, ಬಟ್ಟೆ ಹಾಸಿ, ಅದರ ಮೇಲೆ ಈ ಜಮಖಾನ ಬಿಡಿಸಿ, ಎಳೆಗಳ ನಡುವೆ ಸಣ್ಣ ಮರಳು ತುಂಬಿದರು. "ಇನ್ನು ನಿಮಗೆ ಕೆಲಸವೇ ಇಲ್ಲ" ಎಂದು ಹೇಳಿ ದುಡ್ಡು ತೆಗೆದುಕೊಂಡು ಹೋದರು.

ಕೆಲಸವಿಲ್ಲ ಎಂಬ ಮಾತನ್ನು ನಂಬಬೇಡಿ. ಏಪ್ರಿಲಿನಲ್ಲಿ ಹಿಮ ಕರಗಿದಾಗ ಎಳೆಗಳೆಲ್ಲ ನೆಲಕ್ಕಂಟಿ ಮಲಗಿರುತ್ತವೆ. ನೈಲಾನಿನ ಗಡಸು ಪೊರಕೆಯಿಂದ, ಎಳೆ ಬಾಗಿದ ದಿಕ್ಕಿಗೆ ಎದುರಾಗಿ, ತಲೆ ಬಾಚಿದ ಹಾಗೆ ಎಬ್ಬಿಸಬೇಕು. ಚಳಿಗಾಲದಲ್ಲಿ ಜಾರದಿರಲೆಂದು ರಸ್ತೆಗೆ ಚೆಲ್ಲಿದ ಸಣ್ಣ ಕಲ್ಲುಗಳು ಬೂಟಿನಲ್ಲಿ ಬಂದು ಅಲ್ಲಿ ಸೇರಿರುತ್ತವೆ, ಅವನ್ನು ಆರಿಸಬೇಕು. ಬರ್ಚ್ ಮರದ ಬೀಜ ಹಾರಿ ಬಂದು ಮರಳಿನಲ್ಲಿ ಕೂರುತ್ತದೆ. ಬಿಟ್ಟರೆ ಪ್ಲಾಸ್ಟಿಕ್ಕಿನ ನಡುವೆ ನಿಜವಾದ ಸಸಿ ಮೊಳೆಯುತ್ತದೆ! ನೆರಳು ಬೀಳುವ ಮೂಲೆಯಲ್ಲಿ ಪಾಚಿ ಮತ್ತೆ ಹಾಜರಾಗುತ್ತದೆ. ಶರತ್ಕಾಲದ ಎಲೆಗಳನ್ನು ಒದ್ದೆಯಾಗಿ ಕೊಳೆಯುವ ಮೊದಲೇ ಪ್ಲಾಸ್ಟಿಕ್ ಕುಂಟೆಯಿಂದ ಎಳೆದು ಹಾಕಬೇಕು. ಹಿಮ ಬಿದ್ದಾಗ ಕಬ್ಬಿಣದ ಸಲಿಕೆ ಮುಟ್ಟಿಸಬಾರದು, ಹೆಪ್ಪುಗಟ್ಟಿದ ಎಳೆ ಮುರಿಯುತ್ತದೆ. ಸುಮ್ಮನೆ ಬಿಡಿ, ತಾನಾಗಿ ಕರಗಲಿ. ಗ್ರಿಲ್ಲಿನ ಕೆಂಡ ದೂರವಿರಲಿ. ಇನ್ನೊಂದು ವಿಚಿತ್ರ: ಚಳಿ ತಡೆಯಲೆಂದು ಲೇಪನ ಕೊಟ್ಟ ಕಿಟಕಿ ಗಾಜಿನಿಂದ ಪ್ರತಿಫಲಿಸಿದ ಬಿಸಿಲು ಒಂದೇ ಕಡೆ ಬಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ನಮ್ಮಲ್ಲಿ ಅಂಗೈಯಗಲ ಸುರುಟಿ ಹೋಗಿದೆ. ಅದರ ಮೇಲೆ ಹೂಕುಂಡ ಇಟ್ಟು ಮಾನ ಉಳಿಸಿಕೊಂಡಿದ್ದೇವೆ.

ಇಷ್ಟಾದರೂ ನಾನು ಖುಷಿಯಾಗಿಯೇ ಇದ್ದೆ. 2022ರ ಮೇ ತಿಂಗಳಲ್ಲಿ ಅಪ್ಪ ಬಂದರು.

ಅಪ್ಪ ಸೋಮವಾರಪೇಟೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದವರು. ಪಾಠಕ್ಕಿಂತ ಹೆಚ್ಚಾಗಿ ಹಾಕಿ ಕಲಿಸಿದವರು. ಕೊಡಗಿನ ಜಿಲ್ಲೆಯಲ್ಲಿ ಅದು ಆಶ್ಚರ್ಯವಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ, ನಾವು ಕೊಡವರಲ್ಲದಿದ್ದರೂ ಬಸ್ಸು ಹಿಡಿದು ಹೋಗಿ ನೋಡಿ ಬಂದರು. ಅವರ ಜೀವನದಲ್ಲಿ ದೊಡ್ಡ ಸಂತೋಷ ಒಂದು, ದೊಡ್ಡ ದುಃಖ ಒಂದು. ಸಂತೋಷ: 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದದ್ದು, ಆ ತಂಡದಲ್ಲಿ ನಮ್ಮ ಕೊಡಗಿನ ಬಿ. ಪಿ. ಗೋವಿಂದ ಇದ್ದರು. ದುಃಖ: ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್. ಒಲಿಂಪಿಕ್ಸ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದ್ದು ಅಲ್ಲೇ. 1928ರಿಂದ ಒಮ್ಮೆಯೂ ಪದಕವಿಲ್ಲದೆ ಬಾರದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಆಸ್ಟ್ರೇಲಿಯದ ಎದುರು 1-6. ಅಪ್ಪ ಆ ದಿನ ರೇಡಿಯೋ ಆರಿಸಿ, ಊಟ ಮಾಡದೆ ಮಲಗಿದರಂತೆ. ನಮ್ಮ ಮನೆಯಲ್ಲಿ 'ಪ್ಲಾಸ್ಟಿಕ್ ಹುಲ್ಲು' ಎಂದರೆ ಒಂದು ಬೈಗುಳ.

ಇಂಥವರು ಅರ್ಲಾಂಡಾದಿಂದ ಎರಡು ಗಂಟೆ ಕಾರಿನಲ್ಲಿ ಬಂದು, ಕಾಫಿ ಕುಡಿದು, ಹಿತ್ತಲಿನ ಬಾಗಿಲು ತೆರೆದರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದರು. ನಾಲ್ಕು ಹೆಜ್ಜೆ ನಡೆದು ನಿಂತರು. ಬಗ್ಗಿ ಒಂದು ಎಳೆ ಹಿಡಿದು ಎಳೆದು ನೋಡಿದರು.

"ಇದು ಅದೇ ಅಲ್ವೇನೋ?"

"ಹೌದಪ್ಪಾ. ಬೆನ್ನು ನೋವು..."

"ಮಾಂಟ್ರಿಯಲ್ಲು ಮನೆಗೇ ಬಂತು" ಎಂದು ಒಳಗೆ ಹೋದರು.

ರಾತ್ರಿ ಊಟದಲ್ಲಿ ನಾನು ವಾದ ಹೂಡಿದೆ. "1980ರಲ್ಲಿ ಮಾಸ್ಕೋದಲ್ಲಿ ಇದೇ ಹುಲ್ಲಿನ ಮೇಲೆ ಚಿನ್ನ ಗೆಲ್ಲಲಿಲ್ಲವೇ? ನಮ್ಮ ಕೊಡಗಿನ ಸೋಮಯ್ಯ ಇದ್ದರಲ್ಲ." ಅಪ್ಪ ಅನ್ನ ಕಲಸುತ್ತಾ, "ಅರ್ಧ ಪ್ರಪಂಚ ಬಹಿಷ್ಕಾರ ಹಾಕಿ ಮನೇಲಿತ್ತು. ಬಂದೋರ್ಯಾರು?" ಎಂದರು. ನನ್ನಾಕೆ ನಗು ತಡೆಯಲಾರದೆ ಮಜ್ಜಿಗೆ ತರುವ ನೆಪದಲ್ಲಿ ಎದ್ದಳು.

ಆಮೇಲೆ ಒಂದು ವಾರ ಅಪ್ಪ ಹಿತ್ತಲಿಗೆ ಇಳಿಯಲಿಲ್ಲ. ಕಿಟಕಿಯಲ್ಲಿ ಕುಳಿತು ಪಕ್ಕದ ಮನೆಯ ಹುಲ್ಲು ನೋಡುತ್ತಿದ್ದರು. ಅಲ್ಲಿ ಹಳದಿ ಕೊಕ್ಕಿನ ಕಪ್ಪು ಹಕ್ಕಿ, ಇವರ 'ಕೋಲ್‌ತ್ರಾಸ್ತ್', ಎರೆಹುಳು ಎಳೆದು ತಿನ್ನುತ್ತಿತ್ತು. "ನಿನ್ನ ಹಿತ್ತಲಿಗೆ ಒಂದು ಹಕ್ಕಿ ಇಳಿಯಲ್ಲ, ಗಮನಿಸಿದೀಯಾ?" ಎಂದರು. ಮೂರು ವರ್ಷದಲ್ಲಿ ನಾನು ಗಮನಿಸಿರಲಿಲ್ಲ. ಆ ಮಾತು ನನಗೆ ಮಾಂಟ್ರಿಯಲ್ಲಿಗಿಂತ ಹೆಚ್ಚು ಚುಚ್ಚಿತು.

ನನ್ನ ಮಗ ತಾತನನ್ನು ಯೆರ್ನ್‌ವಾಲೆನ್ ಮೈದಾನ ತೋರಿಸಲು ಕರೆದುಕೊಂಡು ಹೋದ. 1958ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಹಂಗೇರಿ, ವೇಲ್ಸ್, ಮೆಕ್ಸಿಕೋ ತಂಡಗಳು ನಮ್ಮ ಈ ಪುಟ್ಟ ಊರಿನಲ್ಲಿ ಆಡಿವೆ ಎಂದರೆ ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. ಆಗ ಎಲ್ಲ ಮಣ್ಣಿನ ಹುಲ್ಲೇ. ಹ್ಯೂಸ್ಟನ್ನಿನ ಆಸ್ಟ್ರೋಡೋಮಿನಲ್ಲಿ ಪ್ಲಾಸ್ಟಿಕ್ ಹಾಸಿದ್ದು 1966ರಲ್ಲಿ. ಸಂಜೆ ಮಗ ಫುಟ್‌ಬಾಲ್ ಅಭ್ಯಾಸ ಮುಗಿಸಿ ಬಂದು ಬೂಟು ಕೊಡವಿದ. ಬಾಗಿಲಲ್ಲಿ ಕಪ್ಪು ರಬ್ಬರಿನ ಕಾಳು ಚೆಲ್ಲಾಡಿದವು. ಅಪ್ಪ ರಾಗಿಯೇನೋ ಎಂದುಕೊಂಡು ಆರಿಸಲು ಹೋದರು. ಮಕ್ಕಳಿರುವ ಮನೆಯವರಿಗೆಲ್ಲ ಈ ಕಾಳಿನ ಪರಿಚಯ ಇದೆ. 2016ರಲ್ಲಿ ಇಲ್ಲಿನ ಐವಿಎಲ್ ಪರಿಸರ ಸಂಸ್ಥೆಯ ವರದಿ, ಸ್ವೀಡನ್ನಿನ ಪ್ಲಾಸ್ಟಿಕ್ ಕಣಗಳ ಮೂಲಗಳಲ್ಲಿ ರಸ್ತೆ ಮತ್ತು ಟೈರಿನ ನಂತರದ ಸ್ಥಾನವನ್ನು ಈ ಮೈದಾನಗಳಿಗೇ ಕೊಟ್ಟಿತು. 2023ರಲ್ಲಿ ಐರೋಪ್ಯ ಒಕ್ಕೂಟ ಈ ಕಾಳುಗಳ ಮಾರಾಟ ನಿಲ್ಲಿಸುವ ನಿಯಮ ಮಾಡಿ, 2031ರವರೆಗೆ ಕಾಲಾವಕಾಶ ಕೊಟ್ಟಿದೆ. ಮನೆಯ ಹುಲ್ಲಿಗೆ ನಾವು ಮರಳು ಹಾಕಿರುವುದರಿಂದ ಕಾಳಿನ ಪಾಪ ನಮಗಿಲ್ಲ. ಆದರೆ ಎಳೆಗಳು ಸವೆದು ಉದುರುವ ಪಾಪ ಇದ್ದೇ ಇದೆ.

ಎರಡನೆಯ ವಾರ ಒಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬಂದೆ. ಹಿತ್ತಲಿನಲ್ಲಿ ಸದ್ದು. ನೋಡಿದರೆ ಅಪ್ಪ, ಎಪ್ಪತ್ತೆಂಟು ವರ್ಷದ ಅಪ್ಪ, ಪಂಚೆ ಎತ್ತಿ ಕಟ್ಟಿಕೊಂಡು ನನ್ನ ನೈಲಾನ್ ಪೊರಕೆ ಹಿಡಿದು ಪ್ಲಾಸ್ಟಿಕ್ ಹುಲ್ಲು ಬಾಚುತ್ತಿದ್ದಾರೆ! ಹಿಂದಿನ ರಾತ್ರಿ ನಾನು ಬೆನ್ನುಪಟ್ಟಿ ಬಿಗಿದುಕೊಳ್ಳುವುದನ್ನು ನೋಡಿದ್ದರಂತೆ.

"ಬಿಡಿ ಅಪ್ಪಾ, ನಾನು ಮಾಡ್ತೀನಿ."

"ನೀನು ಮಲಕ್ಕೋ ಹೋಗು. ಇದಕ್ಕೂ ಇಷ್ಟು ಚಾಕರಿ ಬೇಕಲ್ಲೋ! ಈ ಚಾಕರೀನ ಜೀವ ಇರೋದಕ್ಕೆ ಮಾಡಿದ್ರೆ ಅದು ತಿರುಗಿ ಏನಾದ್ರೂ ಕೊಡ್ತಿತ್ತು."

ಬೈದದ್ದಲ್ಲ. ಮೇಷ್ಟ್ರು ಲೆಕ್ಕ ತಿದ್ದುವ ಧ್ವನಿ.

ಆ ಶನಿವಾರ ನಾವಿಬ್ಬರೂ ಸೇರಿ ಬೇಲಿಯ ಪಕ್ಕದಲ್ಲಿ, ಜಮಖಾನದ ಜೋಡಣೆ ಇರುವ ಕಡೆ, ಒಂದು ಮೀಟರ್ ಅಗಲದ ಪಟ್ಟಿ ಕೊಯ್ದು ತೆಗೆದೆವು. ಕೆಳಗಿನ ಕಲ್ಲುಪುಡಿ ಅಗೆದು ಹಾಕಿದ್ದು ಮಗ. ಚೀಲಗಳಲ್ಲಿ ಮಣ್ಣು ತಂದು ಸುರಿದು, ಅಪ್ಪ ಬೀಜ ಚೆಲ್ಲಿದರು, ಊರಿನಲ್ಲಿ ರಾಗಿ ಚೆಲ್ಲಿದ ಹಾಗೆಯೇ, ಮಣಿಕಟ್ಟು ತಿರುಗಿಸಿ. ಮಿಡ್‌ಸಮ್ಮರ್ ಹೊತ್ತಿಗೆ ಹಸಿರು ಕಂಡಿತು. ಸೊಸೆಯ ಆಸೆ ಗಣಪತಿಗೆ ಗರಿಕೆ ಬೆಳೆಯುವುದು. "ಈ ಚಳಿಗೆ ಗರಿಕೆ ಬದುಕಲ್ಲಮ್ಮ, ಕುಂಡದಲ್ಲಿ ಹಾಕಿ ಒಳಗಿಟ್ಕೋ" ಎಂದು ಮಾವ ತಿಳಿಸಿದರು. ಆಗಸ್ಟಿನಲ್ಲಿ ವೀಸಾ ಮುಗಿದು ಅವರು ಊರಿಗೆ ಹೊರಟರು. ಹೊರಡುವ ದಿನ ಬೆಳಿಗ್ಗೆ ಬರಿಗಾಲಲ್ಲಿ ಆ ಒಂದು ಮೀಟರ್ ಪಟ್ಟಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ಬಂದರು.

ಈಗ ಅವರಿಗೆ ಮಂಡಿ ನೋವು. ಮತ್ತೆ ವಿಮಾನ ಹತ್ತುವ ಮಾತಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ "ಬೆನ್ನು ಹೇಗಿದೆ?" ಆದಮೇಲೆ "ಹುಲ್ಲು ಹೇಗಿದೆ?" ಎನ್ನುತ್ತಾರೆ. ಯಾವ ಹುಲ್ಲು ಎಂದು ಕೇಳಬೇಕಾಗಿಲ್ಲ. ಆ ಪಟ್ಟಿಯಲ್ಲಿ ಈಗ ಪಾಚಿಯೂ ಇದೆ, ಹಳದಿ ಮಾಸ್‌ಕ್ರೂಸ್ ಹೂವೂ ಇದೆ. ನವೆಂಬರಿನಲ್ಲಿ ಕಂದಾಗಿ ಕೊಳಕಾಗಿ ಕಾಣುತ್ತದೆ. ಆದರೆ ಕಳೆದ ವಸಂತದಲ್ಲಿ ಕಪ್ಪು ಹಕ್ಕಿ ಇಳಿದು ಎರೆಹುಳು ಎಳೆಯಿತು. ಅಪ್ಪನಿಗೆ ಫೋಟೋ ಕಳಿಸಿದೆ. "ಗೋಲ್!" ಎಂದು ಬರೆದರು.

ಪ್ಲಾಸ್ಟಿಕ್ ಎಳೆಗಳು ಈಗ ಸವೆಯುತ್ತಿವೆ. ಇನ್ನು ಕೆಲವು ವರ್ಷದಲ್ಲಿ ಅದನ್ನು ಸುರುಳಿ ಸುತ್ತಿ ಪುರಸಭೆಯ ತ್ಯಾಜ್ಯ ಕೇಂದ್ರಕ್ಕೆ ಒಯ್ಯಬೇಕು. ಮತ್ತೆ ಹೊಸದು ಹಾಕಿಸುವುದೋ, ಪಟ್ಟಿಯನ್ನೇ ಅಗಲ ಮಾಡುವುದೋ, ನನ್ನ ಬೆನ್ನನ್ನು ಕೇಳಿ ತೀರ್ಮಾನಿಸಬೇಕು. ಈ ವರ್ಷಕ್ಕೆ ಇನ್ನೊಂದು ಮೀಟರ್ ಕೊಯ್ಯುವುದೆಂದು ಮಗನೂ ನಾನೂ ಮಾತಾಡಿಕೊಂಡಿದ್ದೇವೆ.

ಹಾಕಿಸಬೇಕೆಂದಿರುವವರು ಖಂಡಿತ ಬಂದು ನೋಡಿ, ಪೊರಕೆ ಹಿಡಿಯುವುದು ಹೇಗೆಂದು ತೋರಿಸುತ್ತೇನೆ. ಕಾಫಿ ಅಂತೂ ಇದ್ದೇ ಇದೆ. ಚಪ್ಪಲಿ ಮಾತ್ರ ಬಾಗಿಲಲ್ಲೇ ಬಿಟ್ಟು, ಎರಡೂ ಹುಲ್ಲಿನ ಮೇಲೆ ನಡೆದು ನೋಡಿ.