ಸುತ್ತಿಗೆ ಬಿದ್ದ ಮೇಲಿನ ಲೆಕ್ಕ

ಹಳೇ ನಾಣ್ಯ ಕೂಡಿಡುವ ಚಟವಿರುವವರಿಗೆ ಒಂದೊಂದು ನಾಣ್ಯಕ್ಕೂ ಎರಡು ಬೆಲೆ. ಗೆಳೆಯರ ಮುಂದೆ ಹೇಳುವುದು ಒಂದು, ಬ್ಯಾಂಕಿನವರು ಮೊಬೈಲಿಗೆ ಕಳಿಸುವ ಮೆಸೇಜಿನಲ್ಲಿರುವುದು ಇನ್ನೊಂದು. ಮನೆಯಲ್ಲಿ ಹೇಳುವ ಬೆಲೆ ಅಂತ ಮೂರನೆಯದೂ ಇದೆ. ಅದು ಇವೆರಡಕ್ಕಿಂತ ಎಷ್ಟೋ ಕಡಿಮೆ, ಅದರ ಸುದ್ದಿ ಇಲ್ಲಿ ಬೇಡ.

ಟಿಪ್ಪುವಿನ ಕಾಲದ ಆನೆ ಚಿತ್ರದ ತಾಮ್ರದ ನಾಣ್ಯವೊಂದನ್ನು ಆನ್‌ಲೈನ್ ಹರಾಜಿನಲ್ಲಿ ಹಿಡಿದೆವು ಅನ್ನಿ. ಶ್ರೀರಂಗಪಟ್ಟಣದ ಟಂಕಸಾಲೆಯದು, ಆನೆಯ ಸೊಂಡಿಲಿನ ತುದಿ ಕೂಡ ಸವೆದಿಲ್ಲ. "ಎಷ್ಟಕ್ಕೆ ಬಿತ್ತು?" ಎಂದು ಯಾರಾದರೂ ಕೇಳಿದರೆ "ಹತ್ತು ಸಾವಿರ" ಅನ್ನುತ್ತೇವೆ. ಸುಳ್ಳಲ್ಲ. ಸುತ್ತಿಗೆ ಬಿದ್ದದ್ದು ಅಲ್ಲೇ. ಆದರೆ ಸುತ್ತಿಗೆ ಬಿದ್ದ ಮೇಲೆ ಬಿಲ್ಲು ಏಳುತ್ತದೆ. ಹರಾಜು ಮನೆಯವರ ಬೈಯರ್ಸ್ ಪ್ರೀಮಿಯಂ ನೂರಕ್ಕೆ ಇಪ್ಪತ್ತು ಎಂದಿಟ್ಟುಕೊಂಡರೆ ಎರಡು ಸಾವಿರ. ಅದು ಸೇವೆಯ ಕೂಲಿಯಾದ್ದರಿಂದ ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 360 ರೂಪಾಯಿ. ನಾಣ್ಯದ ಮೇಲಿನ ಜಿಎಸ್‌ಟಿ 5 ಪರ್ಸೆಂಟ್, 500. ಪ್ಯಾಕಿಂಗು, ವಿಮೆ, ಸ್ಪೀಡ್ ಪೋಸ್ಟು ಸೇರಿಸಿ 240. ಇಷ್ಟಕ್ಕೆ 13,100 ಆಯಿತು. ಇನ್ನು ದುಡ್ಡು ಕಟ್ಟಿಬಿಡೋಣ ಎಂದು ಕ್ರೆಡಿಟ್ ಕಾರ್ಡಿನ ನಂಬರು ಒತ್ತಿದರೆ, ಕೊನೇ ಪರದೆಯಲ್ಲಿ ಸಣ್ಣಕ್ಷರದ ಒಂದು ಸಾಲು ಬಂದು ಕೂರುತ್ತದೆ: ಕಾರ್ಡಿಗೆ 2 ಪರ್ಸೆಂಟ್ ಹೆಚ್ಚುವರಿ, ತೆರಿಗೆ ಪ್ರತ್ಯೇಕ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಈ ಎರಡು ಪರ್ಸೆಂಟೇ. ಮೊತ್ತ ದೊಡ್ಡದಲ್ಲ. 262 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 47 ರೂಪಾಯಿ 16 ಪೈಸೆ. ಆದರೆ ಅದನ್ನು ಯಾವುದರ ಮೇಲೆ ಹಾಕಿದ್ದಾರೆ ನೋಡಿ. ನಾಣ್ಯದ ಮೇಲೆ ಹಾಕಿದರೆ ಒಂದು ಮಾತು. ಅವರ ಕಮಿಷನ್ನಿನ ಮೇಲೂ ಇದೆ, ಸರ್ಕಾರಕ್ಕೆ ಹೋಗುವ ತೆರಿಗೆಯ ಮೇಲೂ ಇದೆ, ಅಂಚೆಯಣ್ಣನ ಚೀಲದ ಬಾಡಿಗೆಯ ಮೇಲೂ ಇದೆ. ನಾವು ತೆರಿಗೆಗೆ ಶುಲ್ಕ ಕಟ್ಟಿ, ಆ ಶುಲ್ಕಕ್ಕೆ ಮತ್ತೆ ತೆರಿಗೆ ಕಟ್ಟುತ್ತೇವೆ. ಹತ್ತು ಸಾವಿರದ ಆನೆ ಮನೆ ಬಾಗಿಲಿಗೆ ಬರುವ ಹೊತ್ತಿಗೆ 13,409 ರೂಪಾಯಿ 16 ಪೈಸೆಯ ಆನೆ. ಆ ಹದಿನಾರು ಪೈಸೆಯನ್ನು ನಗದಾಗಿ ಕೊಡೋಣವೆಂದರೆ ಅಂಥ ನಾಣ್ಯವೂ ಈಗ ನಮ್ಮಂಥವರ ಆಲ್ಬಮ್ಮಿನಲ್ಲಿ ಮಾತ್ರ ಇದೆ.

ಯುಪಿಐನಲ್ಲಿ ಕಟ್ಟಬಹುದಲ್ಲ ಎಂದು ನೀವು ಕೇಳುವುದು ಸರಿಯೇ. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಬ್ಯಾಂಕು ಕಮಿಷನ್ ಮುರಿದುಕೊಳ್ಳುವ ಹಾಗಿಲ್ಲ. ಆದರೆ ಯುಪಿಐಗೆ ಖಾತೆಯಲ್ಲಿ ದುಡ್ಡಿರಬೇಕು. ಹರಾಜುಗಳು ಯಾವ ಪಂಚಾಂಗ ನೋಡಿ ಇಡುತ್ತಾರೋ ಕಾಣೆ, ತಿಂಗಳ ಇಪ್ಪತ್ತೈದರ ಆಚೆಗೇ ಬರುತ್ತವೆ. ಅದೂ ಅಲ್ಲದೆ ಕಾರ್ಡಿನಲ್ಲಿ ಕಟ್ಟಿದರೆ ರಿವಾರ್ಡ್ ಪಾಯಿಂಟು ಸಿಗುತ್ತದೆ. ಎರಡು ರೂಪಾಯಿ ಕೊಟ್ಟು ಐವತ್ತು ಪೈಸೆಯ ಪಾಯಿಂಟು ಗಳಿಸಿ ಅದನ್ನು ಉಳಿತಾಯವೆನ್ನುವುದರಲ್ಲಿ ನಾವು ಪಳಗಿದ್ದೇವೆ. ಹೊರದೇಶದಿಂದ ತರಿಸುವವರ ಪಾಡು ಇನ್ನೂ ಚೆನ್ನ. ಡಾಲರನ್ನು ರೂಪಾಯಿ ಮಾಡುವ ನೆಪದಲ್ಲಿ ಬ್ಯಾಂಕಿನವರು ಮೂರೂವರೆ ಪರ್ಸೆಂಟಿನ ಆಸುಪಾಸು ಬೇರೆಯೇ ಮುರಿದುಕೊಳ್ಳುತ್ತಾರೆ, ಆಮೇಲೆ ಕಸ್ಟಮ್ಸು.

ಕೊಳ್ಳುವವನಿಂದಲೂ ಕಮಿಷನ್ ಕೀಳುವ ಈ ಬೈಯರ್ಸ್ ಪ್ರೀಮಿಯಂ ಎಂಬ ಉಪಾಯ ನಮ್ಮವರದಲ್ಲ. ಹರಾಜು ಮನೆ ಮಾರುವವನ ಪರವಾಗಿ ದುಡಿಯುತ್ತದೆ, ಆದ್ದರಿಂದ ಅವನೇ ಕೂಲಿ ಕೊಡಬೇಕು ಎಂಬುದು ಹಳೆಯ ನ್ಯಾಯ. 1975ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಮತ್ತು ಸೋದಬೀಸ್ ಎಂಬ ಎರಡು ಘನ ಮನೆತನಗಳು ಒಂದರ ಹಿಂದೊಂದು ಕೊಳ್ಳುವವನ ಮೇಲೂ ನೂರಕ್ಕೆ ಹತ್ತು ಹಾಕಿದವು. ವ್ಯಾಪಾರಿಗಳು ಕೂಗಾಡಿದರು, ಆಮೇಲೆ ರೂಢಿಯಾಯಿತು. ಹತ್ತು ಹದಿನೈದಾಯಿತು, ಇಪ್ಪತ್ತಾಯಿತು. 2024ರಲ್ಲಿ ಸೋದಬೀಸ್‌ನವರು ಲೆಕ್ಕ ಸರಳ ಮಾಡುತ್ತೇವೆಂದು 60 ಲಕ್ಷ ಡಾಲರಿನವರೆಗೆ 20 ಪರ್ಸೆಂಟಿಗೆ ಇಳಿಸಿದರು. ವರ್ಷ ತುಂಬುವುದರೊಳಗೆ ಮನಸ್ಸು ಬದಲಾಯಿಸಿ, 2025ರ ಫೆಬ್ರವರಿಯಿಂದ 20 ಲಕ್ಷ ಡಾಲರಿನವರೆಗೆ 27 ಪರ್ಸೆಂಟ್ ಮಾಡಿದರು. ಮಾರುವವರ ಕಮಿಷನ್ ವಿಷಯದಲ್ಲೂ ಈ ಎರಡು ಮನೆಗಳು 1990ರ ದಶಕದಲ್ಲಿ ಒಳಗೊಳಗೇ ಕೈ ಕುಲುಕಿಕೊಂಡಿದ್ದವು. ಗುಟ್ಟು ಹೊರಬಿದ್ದು ಸೋದಬೀಸ್‌ನ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟೌಬ್‌ಮನ್ ಜೈಲಿಗೆ ಹೋಗಿ ಬಂದರು. ಗಿರಾಕಿಗಳಿಗೆ ಒಟ್ಟು 51 ಕೋಟಿ 20 ಲಕ್ಷ ಡಾಲರ್ ಪರಿಹಾರವೆಂದು ಇತ್ಯರ್ಥವಾಯಿತು. ಅದರಲ್ಲಿ ಹತ್ತು ಕೋಟಿಯಷ್ಟು ಕೊಟ್ಟಿದ್ದು ಕೂಪನ್ ರೂಪದಲ್ಲಿ, ಮುಂದೆ ಇದೇ ಮನೆಗಳಲ್ಲಿ ಮಾರಿದರೆ ಕಮಿಷನ್ನಿನಲ್ಲಿ ರಿಯಾಯಿತಿ! ಜೇಬು ಕತ್ತರಿಸಿದವನೇ ಹೊಲಿಗೆ ಅಂಗಡಿ ಇಟ್ಟು ಅರ್ಧ ರೇಟಿಗೆ ಕರೆದ ಹಾಗೆ.

ಈ ಮನೆಗಳ ಇನ್ನೊಂದು ಚಮತ್ಕಾರ ನನಗೆ ತುಂಬ ತಡವಾಗಿ ಹೊಳೆಯಿತು. ಕ್ಯಾಟಲಾಗಿನಲ್ಲಿ ಅಂದಾಜು ಬೆಲೆ ಅಚ್ಚು ಹಾಕುವಾಗ ಪ್ರೀಮಿಯಂ ಸೇರಿಸುವುದಿಲ್ಲ. ಹರಾಜು ಮುಗಿದ ಮೇಲೆ ಪತ್ರಿಕೆಗಳಿಗೆ ಕೊಡುವ ಬೆಲೆಯಲ್ಲಿ ಸೇರಿಸುತ್ತಾರೆ. ಅಂದಾಜು ಒಂದು ಕೋಟಿ, ಹೋಗಿದ್ದು ಒಂದು ಕೋಟಿ ಇಪ್ಪತ್ತು ಲಕ್ಷ, ನಿರೀಕ್ಷೆ ಮೀರಿತು ಎಂದು ನಾವು ಓದುತ್ತೇವೆ. ನಿರೀಕ್ಷೆಯನ್ನು ಮೀರಿದ್ದು ಶುಲ್ಕ ಮಾತ್ರ. ನಾಣ್ಯದ ಲೋಕದಲ್ಲಂತೂ ಒಬ್ಬರು ಹ್ಯಾಮರ್ ಬೆಲೆ ಪ್ರಕಟಿಸುತ್ತಾರೆ, ಇನ್ನೊಬ್ಬರು ಎಲ್ಲ ಸೇರಿಸಿ ಪ್ರಕಟಿಸುತ್ತಾರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಂಡು "ರೇಟು ಏರುತ್ತಿದೆ, ಈಗಲೇ ಕೊಂಡುಬಿಡಿ" ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ಆದರೂ ಒಂದೇ ಒಂದು ಶುಲ್ಕವನ್ನು ನಾನು ಮೆಚ್ಚಿದ್ದೇನೆ. 1933ರಲ್ಲಿ ಅಮೆರಿಕದ ಟಂಕಸಾಲೆ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ ಹೊಡೆಯಿತು. ಡಬಲ್ ಈಗಲ್ ಅಂತ ಅದರ ಹೆಸರು. ಅಷ್ಟರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಚಿನ್ನದ ಚಲಾವಣೆಯನ್ನೇ ನಿಲ್ಲಿಸಿದರು. ನಾಣ್ಯಗಳು ಬೀದಿಗೆ ಬರದೆ ಕುಲುಮೆಗೆ ಹೋದವು. ಕಣ್ತಪ್ಪಿಸಿ ಹೊರಬಿದ್ದ ಕೆಲವನ್ನು ಸರ್ಕಾರ ಕದ್ದ ಮಾಲೆಂದು ಹುಡುಕಿ ಹುಡುಕಿ ಹಿಡಿಯಿತು. ಅಂಥ ಒಂದರ ವ್ಯಾಜ್ಯ ರಾಜಿಯಾಗಿ 2002ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂತು. ಸುತ್ತಿಗೆ 66 ಲಕ್ಷ ಡಾಲರಿಗೆ ಬಿತ್ತು. ಹದಿನೈದು ಪರ್ಸೆಂಟ್ ಪ್ರೀಮಿಯಂ 9 ಲಕ್ಷ 90 ಸಾವಿರ. ಅದರ ಕೆಳಗೆ ಇನ್ನೊಂದು ಸಾಲು: 20 ಡಾಲರ್. ಆ ನಾಣ್ಯವನ್ನು ಸರ್ಕಾರ ಎಂದೂ ಚಲಾವಣೆಗೆ ಕೊಟ್ಟಿರಲಿಲ್ಲವಲ್ಲ, ಅದರ ಮುಖಬೆಲೆ ಖಜಾನೆಗೆ ಸಂದಾಯವಾಗಿರಲಿಲ್ಲ. ಕೊಂಡವರು, ಚಪ್ಪಲಿ ವಿನ್ಯಾಸಕಾರ ಸ್ಟುವರ್ಟ್ ವೈಟ್ಸ್‌ಮನ್, ಅದನ್ನೂ ಕಟ್ಟಿದ ಮೇಲೆ ಅದು ದುಡ್ಡಾಯಿತು. ಒಟ್ಟು 75,90,020 ಡಾಲರ್. ಏತಕ್ಕಾಗಿ ಕೊಟ್ಟೆ ಎಂದು ಒಂದೇ ಮಾತಿನಲ್ಲಿ ಹೇಳಬಹುದಾದ ಶುಲ್ಕ ಆ ಇಪ್ಪತ್ತು ಡಾಲರ್.

ನಾವು ಕೂಡಿಡುವ ನಾಣ್ಯಗಳೂ ತಮ್ಮ ಕಾಲದಲ್ಲಿ ಇದೇ ಪಾಡು ಪಟ್ಟವು. ಒಂದೂರಿನ ರೂಪಾಯಿ ಇನ್ನೊಂದೂರಿಗೆ ಹೋದರೆ ಚಿನಿವಾರರು ವಟ್ಟ ಮುರಿದುಕೊಳ್ಳುತ್ತಿದ್ದರು. ಬಂಗಾಳದಲ್ಲಂತೂ ಊರು ಬಿಡುವುದೂ ಬೇಕಿರಲಿಲ್ಲ. ಟಂಕಸಾಲೆಯಿಂದ ಬಂದು ಎರಡು ಮೂರು ವರ್ಷವಾದರೆ ಸಾಕು, ತೂಕ ಕಡಿಮೆಯಾಗದಿದ್ದರೂ ರೂಪಾಯಿಯ ಬೆಲೆ ಇಳಿಯುತ್ತಿತ್ತು. ಈ ಕಾಟ ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿ ಹೂಡಿದ ಉಪಾಯ ತಮಾಷೆಯದು. ಮುರ್ಶಿದಾಬಾದಿನ ರೂಪಾಯಿಗಳ ಮೇಲೆ ಮೊಗಲ್ ದೊರೆ ಷಾ ಆಲಂನ ಆಳ್ವಿಕೆಯ 19ನೇ ವರ್ಷ ಎಂದೇ ದಶಕಗಳ ಕಾಲ ಒತ್ತಿದರು. ನಾಣ್ಯಕ್ಕೆ ವಯಸ್ಸೇ ಆಗದಿದ್ದರೆ ವಟ್ಟ ಹಿಡಿಯುವುದು ಹೇಗೆ? ಆ ಹತ್ತೊಂಬತ್ತರ ರೂಪಾಯಿ ಈಗಲೂ ಸಲೀಸಾಗಿ ಸಿಗುತ್ತದೆ, ಹರಾಜಿನಲ್ಲಿ ಹಿಡಿಯಿರಿ, ಪ್ರೀಮಿಯಂ ಬೇರೆ.

ಹೀಗೆ ಒಂದೊಂದಾಗಿ ಶುಲ್ಕ ಪೇರಿಸುವುದಕ್ಕೆ ಕಾನೂನಿನ ತಡೆ ಇಲ್ಲವೆಂದಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹದಿಮೂರು ಬಗೆಯ ಆನ್‌ಲೈನ್ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಬೆಲೆಯನ್ನು ಮೊದಲೇ ಪೂರ್ತಿ ಹೇಳದೆ ಹನಿಹನಿಯಾಗಿ ಇಳಿಸುವುದೂ ಅದರಲ್ಲಿದೆ. ಆದರೆ ಹರಾಜು ಮನೆಯವರನ್ನು ಕೇಳಿ ನೋಡಿ, ನಾವು ಏನನ್ನೂ ಮುಚ್ಚಿಟ್ಟಿಲ್ಲ, ನಿಯಮಗಳ ಪುಟದಲ್ಲಿ ಬರೆದಿದ್ದೇವಲ್ಲ ಅನ್ನುತ್ತಾರೆ. ನಿಜ, ಬರೆದಿರುತ್ತಾರೆ. ಒಪ್ಪಿದ್ದೇನೆ ಎಂಬ ಚೌಕದಲ್ಲಿ ಟಿಕ್ ಹಾಕಿದವರೂ ನಾವೇ. ಬ್ರಿಟನ್ನಿನಲ್ಲಿ 2018ರ ಜನವರಿಯಿಂದ ಗ್ರಾಹಕರ ಕಾರ್ಡಿಗೆ ಹೆಚ್ಚುವರಿ ಶುಲ್ಕ ಹಾಕುವುದೇ ನಿಷಿದ್ಧ. ಅಲ್ಲಿ ಬ್ಯಾಂಕಿನ ಕಮಿಷನ್ನೇನೂ ಮಾಯವಾಗಲಿಲ್ಲ, ಅಂಗಡಿಯವನು ಅದನ್ನು ಬೆಲೆಯೊಳಗೇ ಹೊಂದಿಸಿಕೊಳ್ಳಬೇಕು. ನನಗೆ ಅಷ್ಟಾದರೂ ಸಾಕು. ಕೊಡುವುದಕ್ಕೆ ಬೇಸರವಿಲ್ಲ, ಕಂತು ಕಂತಾಗಿ ಪೆಟ್ಟು ತಿನ್ನುವುದಕ್ಕೆ ಬೇಸರ.

ಹರಾಜಿನಲ್ಲಿ ಲೆಕ್ಕ ತಪ್ಪದೆ ಕೊಳ್ಳುವ ವಿದ್ಯೆಯಲ್ಲಿ ನನಗೆ ಗುರು ದಾವಣಗೆರೆಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಒಟ್ಟು ಎಷ್ಟು ಕೊಡಬಲ್ಲೆ ಎಂದು ಮೊದಲೇ ಚೀಟಿಯಲ್ಲಿ ಬರೆದು, ಅದರಲ್ಲಿ ಕಾಲು ಭಾಗ ಹೊಡೆದುಹಾಕಿ, ಉಳಿದಷ್ಟಕ್ಕೆ ಮಾತ್ರ ಬಿಡ್ ಹಾಕುತ್ತಾರೆ. ಲೆಕ್ಕ ಹೆಚ್ಚೂಕಡಿಮೆ ಸರಿಹೋಗುತ್ತದೆ. ಕೊನೇ ಹತ್ತು ಸೆಕೆಂಡಿನಲ್ಲಿ ಆ ಚೀಟಿ ಎಲ್ಲಿ ಹೋಗುತ್ತದೋ ಅದು ಬೇರೆ ಮಾತು. ಮೊನ್ನೆ ಬೆಂಗಳೂರಿನ ನಾಣ್ಯ ಪ್ರದರ್ಶನದಲ್ಲಿ ಒಟ್ಟಿಗಿದ್ದೆವು. ಟೇಬಲ್ಲಿನ ಹಿಂದೆ ಕೂತಿದ್ದ ವ್ಯಾಪಾರಿ ಅಂಥದೇ ಆನೆಯೊಂದನ್ನು ತೋರಿಸಿ, ಹದಿಮೂರು ಸಾವಿರ, ಎಲ್ಲ ಸೇರಿ ಅಂದ. ಆನ್‌ಲೈನಿನಲ್ಲಿ ಮೂರೂ ಚಿಲ್ಲರೆ ಸಾವಿರವನ್ನು ಉಸಿರೆತ್ತದೆ ಮೇಲೆ ಸುರಿದಿದ್ದ ನಮ್ಮ ಗುರುಗಳು ಕುರ್ಚಿ ಎಳೆದುಕೊಂಡರು.

"ಇನ್ನೂರು ಬಿಟ್ಟುಕೊಡಿ."

"ಆಗಲ್ಲ ಸಾರ್, ನನಗೇ ಬಿದ್ದಿಲ್ಲ ಅಷ್ಟಕ್ಕೆ."

"ಅಂಚು ಸ್ವಲ್ಪ ಸವೆದಿದೆ ನೋಡಿ."

"ಇನ್ನೂರು ವರ್ಷ ದಾಟಿದೆ ಸಾರ್ ಅದಕ್ಕೆ, ನೀವೂ ನಾವೂ ಸವೆದಿಲ್ವಾ?"

ಕಾಫಿ ಬಂತು, ಇನ್ನೊಂದು ಸುತ್ತು ಬಂತು, ಹಿಂದೆ ನಿಂತಿದ್ದವರು ಬೇರೆ ಟೇಬಲ್ಲಿಗೆ ಹೋದರು. ಕೊನೆಗೆ ನೂರು ರೂಪಾಯಿ ಇಳಿಯಿತು. ಗುರುಗಳು ಫೋನು ತೆಗೆದು ಸ್ಕ್ಯಾನ್ ಮಾಡಿ, ನಾಣ್ಯ ಜೇಬಿಗೆ ಸೇರಿಸುವ ಮುಂಚೆ ಟೇಬಲ್ಲಿನ ಮೇಲಿದ್ದ ಪ್ಲಾಸ್ಟಿಕ್ ಹೋಲ್ಡರೊಂದನ್ನು ಎತ್ತಿಕೊಂಡು ಕೇಳಿದರು:

"ಇದಕ್ಕೆ ಬೇರೆ ಚಾರ್ಜಿಲ್ಲ ತಾನೇ?"