ತೆರೆದ ಬಾಗಿಲು, ತೆರೆದ ಕಡತ

ಕಮತಗಿಗೆ ಸಮೀಪದ ಗುಳೇದಗುಡ್ಡದವರಿಗೆ ಜರ್ಮನ್ ಪಾದ್ರಿಗಳು ಅಪರಿಚಿತರಲ್ಲ; ಬಾಸೆಲ್ ಮಿಷನ್ 19ನೇ ಶತಮಾನದಲ್ಲೇ ಅಲ್ಲಿಗೆ ಬಂದಿತ್ತು. ಆ ಜರ್ಮನಿಯ ಪೂರ್ವಭಾಗ ಮುಂದೆ ನಾಲ್ಕು ದಶಕ ಕಮ್ಯುನಿಸ್ಟ್ ಆಡಳಿತದಲ್ಲಿತ್ತು. ಆಗ ಲೈಪ್‌ಜಿಗ್‌ನ ನಿಕೊಲಾಯ್ ಚರ್ಚು ದೇವರನ್ನು ನಂಬದವರಿಗೂ ಬಾಗಿಲು ತೆರೆಯಿತು. 1989ರ ಅಕ್ಟೋಬರ್ 9ರ ಪ್ರಾರ್ಥನೆ ಮುಗಿದಾಗ ಊರಿನ ಬೀದಿಗಳಲ್ಲಿ ಸುಮಾರು 70,000 ಜನ. ಗುಂಡು ಹಾರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬರ್ಲಿನ್ ಗೋಡೆ ಬಿತ್ತು.

ಆಮೇಲೆ? ಚರ್ಚಿನ ಬೆಂಚುಗಳು ಖಾಲಿಯಾದವು. 1992ರಲ್ಲಿ ಗುಪ್ತ ಪೊಲೀಸರ ಕಡತಗಳು ಜನರ ಕೈಗೆ ಸಿಕ್ಕಾಗ, ಕೆಲವು ಪಾದ್ರಿಗಳೂ ಪೊಲೀಸರಿಗೆ ಸುದ್ದಿ ಮುಟ್ಟಿಸಿದ್ದು ಬಯಲಾಯಿತು. ಆ ಕಡತಗಳ ಉಸ್ತುವಾರಿ ಹೊತ್ತಿದ್ದವರೂ ಪಾದ್ರಿಯಾಗಿದ್ದವರೇ: ಯೋಆಖಿಮ್ ಗೌಕ್. 2012ರಲ್ಲಿ ಅವರು ದೇಶದ ಅಧ್ಯಕ್ಷರಾದರು.

ಪರರಿಗೆ ಬಾಗಿಲು ತೆರೆದವರು ತಮ್ಮ ಕಡತವನ್ನೂ ತೆರೆಯಬೇಕಾಗುತ್ತದೆ. ಮಠವಿರಲಿ, ಶಾಲೆಯಿರಲಿ, ಮನೆಯಿರಲಿ, ಮಕ್ಕಳು ಗಮನಿಸುವುದು ಇದನ್ನೇ.